ಮದುವೆ ಬ್ಯಾಂಡಿನಲ್ಲಿ ಜಿಗ್ಗಿ ಎಲ್ಮನ್: ಮಟ್ಟಿನ ಜೊತೆ ಹೆಸರನ್ನೂ ಉಳಿಸೋದು ಹೇಗೆ?

ಹಳೇಪೇಟೆ ಟ್ರಂಪೆಟ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ತಲೆಮಾರಿನ ಬ್ಯಾಂಡ್‌ಸೆಟ್ ಮನೆ. ತಾತ ಕ್ಲಾರ್ನೆಟ್, ಅಪ್ಪ ಟ್ರಂಪೆಟ್, ನಾನೂ ಟ್ರಂಪೆಟ್. ಕಾಟನ್ ಮಿಲ್ಲಿನ ಸೈರನ್ ಕೇಳಿ ಊರು ಏಳ್ತಿದ್ದ ಕಾಲದಿಂದ ಇಲ್ಲಿನ ಮದುವೆ, ಮೆರವಣಿಗೆ, ದುಗ್ಗಮ್ಮನ ಜಾತ್ರೆ ಎಲ್ಲಕ್ಕೂ ನಮ್ಮ ಮನೆಯವರು ಊದಿದ್ದಾರೆ. ಸಂಜೆ ಹೊತ್ತು ಮಾಳಿಗೆ ಮೇಲೆ ಆರು ಹುಡುಗರಿಗೆ ಹೇಳಿಕೊಡ್ತೀನಿ.

ನನ್ನ ಪ್ರಶ್ನೆ ತೀರಿಹೋದ ಒಬ್ಬ ಅಮೆರಿಕದ ಜಾಜ್ ಕಲಾವಿದರ ಬಗ್ಗೆ. ಹೆಸರು ಜಿಗ್ಗಿ ಎಲ್ಮನ್.

ಎರಡು ವರ್ಷದ ಹಿಂದೆ ಆಷಾಢದಲ್ಲಿ, ಲಗ್ನ ಇಲ್ಲದ ದಿನಗಳಲ್ಲಿ, ಫೋನಿನಲ್ಲಿ ಹಳೇ ಟ್ರಂಪೆಟ್ ರೆಕಾರ್ಡುಗಳನ್ನ ಕೇಳ್ತಾ ಕೂತಿದ್ದೆ. 1939ರ ಒಂದು ಹಾಡು ಬಂತು, ಬೆನ್ನಿ ಗುಡ್‌ಮನ್ ಬ್ಯಾಂಡಿನದು, ‘ಅಂಡ್ ದಿ ಏಂಜಲ್ಸ್ ಸಿಂಗ್’. ಮಾರ್ಥಾ ಟಿಲ್ಟನ್ ಅನ್ನೋ ಹೆಣ್ಣುಮಗಳು ಮೆಲ್ಲಗೆ ಹಾಡ್ತಾರೆ. ಇಂಪಾಗಿದೆ ಅಂತ ಕೇಳ್ತಾ ಇದ್ದೆ. ಹಾಡು ಮುಗಿದ ಮೇಲೆ ಟ್ರಂಪೆಟ್ ಎದ್ದಿತು ನೋಡಿ, ಲಯವೇ ಬೇರೆ ಆಯ್ತು. ಡ್ಯಾನ್ಸ್ ಹಾಲಿನಿಂದ ಕೈಹಿಡಿದು ಸೀದಾ ಮದುವೆ ಚಪ್ಪರಕ್ಕೆ ಕರ್ಕೊಂಡು ಹೋದ ಹಾಗೆ. ಕೆಲವು ಸ್ವರಗಳ ತುದಿಯಲ್ಲಿ ಸಣ್ಣದೊಂದು ಬಿಕ್ಕು. ಹೆಣ್ಣು ಒಪ್ಪಿಸಿಕೊಡುವಾಗ ತಾಯಿ ಮಾತು ಮುಗಿಸೋಕಾಗದೆ ನಿಲ್ಲಿಸಿಬಿಡ್ತಾಳಲ್ಲ, ಥೇಟ್ ಹಾಗೆ. ಮಲಗಿದ್ದವನು ಎದ್ದು ಕೂತೆ. ಇವನು ಮದುವೆಯಲ್ಲಿ ಊದಿ ಬೆಳೆದವನು, ನಮ್ಮ ಕಸುಬಿನವನು ಅಂತ ಮನಸ್ಸು ಹೇಳಿತು.

ಹುಡುಕಿ ಓದಿದೆ, ನಿಜವೇ ಆಗಿತ್ತು. ಅವರು ಹುಟ್ಟಿದ್ದು 1914ರಲ್ಲಿ ಫಿಲಡೆಲ್ಫಿಯಾದಲ್ಲಿ, ಯಹೂದಿ ಮನೆತನ. ಮನೆಯಲ್ಲಿ ಇಟ್ಟ ಹೆಸರು ಹ್ಯಾರಿ ಆರನ್ ಫಿಂಕಲ್‌ಮನ್. ಮಗ ಪಿಟೀಲು ಕಲೀಲಿ ಅಂತ ಅಪ್ಪನ ಆಸೆ, ಮಗ ಹಿತ್ತಾಳೆ ವಾದ್ಯಕ್ಕೆ ಸೋತ. ಹದಿನೈದರ ವಯಸ್ಸಿಗೆ ಯಹೂದಿ ಮದುವೆಗಳಲ್ಲಿ ನುಡಿಸ್ತಿದ್ದರು. 1936ರಲ್ಲಿ ಗುಡ್‌ಮನ್ ಬ್ಯಾಂಡ್ ಸೇರಿದರು. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಆ ಬ್ಯಾಂಡ್ ನುಡಿಸಿದಾಗ ಇವರಿಗೆ ಬರೀ 23.

ಈಗ ಆ ಮಟ್ಟಿನ ಕಥೆ ಕೇಳಿ. ಏಬ್ ಶ್ವಾರ್ಟ್ಸ್ ಅವರ ವಾದ್ಯವೃಂದ 1918ರಲ್ಲಿ ‘ಡೆರ್ ಶ್ಟಿಲರ್ ಬುಲ್ಗರ್’ ಅಂತ ಒಂದು ಮದುವೆ ಕುಣಿತದ ಮಟ್ಟನ್ನ ರೆಕಾರ್ಡ್ ಮಾಡಿತ್ತು. ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಶ್ಟಿಲ್ ಅಂದರೆ ಸದ್ದಿಲ್ಲದ್ದು, ಬುಲ್ಗರ್ ಅಂದರೆ ಒಂದು ಜಾತಿಯ ಕುಣಿತ. 1938ರ ಡಿಸೆಂಬರ್‌ನಲ್ಲಿ ಎಲ್ಮನ್ ಅದನ್ನ ತಮ್ಮ ಹೆಸರಿನ ಬ್ಯಾಂಡಿನಲ್ಲಿ ‘ಫ್ರೇಲಿಕ್ ಇನ್ ಸ್ವಿಂಗ್’ ಅಂತ ನುಡಿಸಿದರು, ಫ್ರೇಲಿಕ್ ಅಂದರೂ ಯಹೂದಿ ಕುಣಿತದ ಮಟ್ಟೇ. ಮರುವರ್ಷ ಜಾನಿ ಮರ್ಸರ್ ಅದಕ್ಕೆ ಇಂಗ್ಲಿಷ್ ಸಾಹಿತ್ಯ ಬರೆದರು, ಅದೇ ‘ಅಂಡ್ ದಿ ಏಂಜಲ್ಸ್ ಸಿಂಗ್’, ಅಂದರೆ ದೇವತೆಗಳು ಹಾಡ್ತಾರೆ ಅಂತ. ಗುಡ್‌ಮನ್ ಬ್ಯಾಂಡ್ ನುಡಿಸಿತು, ಅಮೆರಿಕದಲ್ಲಿ ಮೊದಲನೇ ಸ್ಥಾನಕ್ಕೆ ಹೋಯ್ತು. ಮೆಟ್ಟಿಲು ಹತ್ತಿದ ಹಾಗೆ ಹೆಸರು ಕಳಚ್ತಾ ಬಂತು. ಮೊದಲು ಬುಲ್ಗರ್ ಹೋಯ್ತು, ಆಮೇಲೆ ಫ್ರೇಲಿಕ್ ಹೋಯ್ತು, ಕೊನೆಗೆ ಹಾಡೋ ದೇವತೆಗಳು ಉಳಿದರು. ಫಿಂಕಲ್‌ಮನ್ ಹೋಗಿ ಎಲ್ಮನ್ ಉಳಿದ ಹಾಗೆ. ಅವರು ತೀರಿಕೊಂಡಿದ್ದು 1968ರಲ್ಲಿ, 54ನೇ ವಯಸ್ಸಿಗೆ. ಗುಡ್‌ಮನ್ ಬದುಕಿನ ಮೇಲೆ ಐವತ್ತರ ದಶಕದಲ್ಲಿ ಒಂದು ಸಿನಿಮಾ ಬಂತು, ಅದರಲ್ಲಿ ಎಲ್ಮನ್ ಸ್ವತಃ ಕಾಣಿಸಿಕೊಂಡರು. ಆದರೆ ಅಷ್ಟೊತ್ತಿಗೆ ಆರೋಗ್ಯ ಕೆಟ್ಟಿತ್ತು, ಅವರ ಭಾಗವನ್ನ ತೆರೆಯ ಹಿಂದೆ ಮ್ಯಾನಿ ಕ್ಲೈನ್ ನುಡಿಸಿದರು. ಮುಖ ಇವರದು, ಉಸಿರು ಇನ್ನೊಬ್ಬರದು. ಇದನ್ನ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ.

ನಿದ್ದೆ ಹತ್ತದೆ ಇರೋಕೆ ನನ್ನದೇ ಕಾರಣ ಇದೆ. ಬೀಗರನ್ನ ಎದುರುಗೊಳ್ಳುವಾಗ ನಮ್ಮ ಕಡೆ ಬ್ಯಾಂಡಿನವರು ಒಂದು ಮಟ್ಟು ನುಡಿಸ್ತಾರೆ, ಕೇಳಿರ್ತೀರಿ. ಅದು ನನ್ನ ತಾತ ಕಟ್ಟಿದ್ದು. ಹೋದ ವರ್ಷ ಒಂದು ಬ್ಯಾಂಡಿನವರು ಅದನ್ನ ಚೆಂದವಾಗಿ ನುಡಿಸಿ ವಿಡಿಯೊ ಹಾಕಿದರು. ಕೆಳಗೆ ‘ಹಳೇ ಮೆರವಣಿಗೆ ಟ್ಯೂನ್’ ಅಂತ ಬರೆದಿದ್ದರು, ಅಷ್ಟೇ. ನಾನು ಜಗಳಕ್ಕೆ ಹೋಗಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ, ನಾವೂ ಎಲ್ಲೂ ಬರೆದಿಟ್ಟಿರಲಿಲ್ಲ.

ಬರುವ ಫೆಬ್ರವರಿಯಲ್ಲಿ ತಂಗಿಯ ಮಗಳ ಮದುವೆ. ಎಲ್ಮನ್ ಅವರ ಆ ಮಟ್ಟನ್ನ ಚಪ್ಪರದಲ್ಲಿ ನುಡಿಸಬೇಕು ಅಂತ ಆಸೆ. ಆದರೆ ಹುಡುಗರು ಸ್ವರ ಸರಿಯಾಗಿ ಊದ್ತಾರೆ, ಆ ಬಿಕ್ಕು ಬರ್ತಿಲ್ಲ. ಅದನ್ನ ಟ್ರಂಪೆಟ್‌ನಲ್ಲಿ ತೆಗೆಯೋದು ಹೇಗೆ? ಎರಡನೇದು, ಆ ಯಹೂದಿ ಜನ ಪಟ್ಟ ಪಾಡು ನಾವು ಪಟ್ಟವರಲ್ಲ. ದೂರದ ನಾವು ಅವರ ಮಟ್ಟನ್ನ ಮುಟ್ಟಬಹುದಾ? ನುಡಿಸಿದರೆ ಹೆಸರು ಹೇಳಿ ನುಡಿಸೋ ಪದ್ಧತಿ ಎಲ್ಲಾದರೂ ಇದೆಯಾ? ತಿಳಿದವರು ಹೇಳಿ.

ತಂಬೂರಿ, ಚಿತ್ರದುರ್ಗ:

ಅಣ್ಣಾ, ನಾನು ಕೋಟೆ ರಸ್ತೆ ಕಡೆ ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಹೇಳಿಕೊಡೋಳು. ಊದೋ ವಿದ್ಯೆ ಗೊತ್ತಿಲ್ಲ, ಸ್ವರದ ಕಡೆಯಿಂದ ಒಂದೆರಡು ಮಾತು ಹೇಳ್ತೀನಿ.

ಯಹೂದಿ ಮದುವೆ ಸಂಗೀತಕ್ಕೆ ಕ್ಲೆಜ್ಮರ್ ಅಂತಾರೆ. ಮೂಲ ಹೀಬ್ರೂ ಪದಕ್ಕೆ ಹಾಡಿನ ಉಪಕರಣ ಅನ್ನೋ ಅರ್ಥ. ಯಿಡ್ಡಿಷ್‌ಗೆ ಬಂದ ಮೇಲೆ ಅದು ವಾದ್ಯಕ್ಕಲ್ಲ, ನುಡಿಸೋ ಮನುಷ್ಯನಿಗೇ ಹೆಸರಾಯಿತು. ನಮ್ಮಲ್ಲೂ ‘ವಾಲಗ ಬಂತಾ’ ಅಂತ ಕೇಳಿದರೆ ವಾದ್ಯದವರು ಬಂದರಾ ಅಂತಲೇ ಅರ್ಥ ಅಲ್ವಾ?

ಆ ಮಟ್ಟುಗಳಲ್ಲಿ ಹೆಚ್ಚು ಸಿಗೋ ಒಂದು ಸ್ವರಶ್ರೇಣಿಗೆ ಫ್ರೈಗಿಶ್ ಅಂತ ಹೆಸರು. ಪ್ರಾರ್ಥನೆ ಹಾಡೋರು ಅದನ್ನೇ ಅಹವಾ ರಬ್ಬಾ ಅಂತಾರೆ, ಒಂದು ಪ್ರಾರ್ಥನೆಯ ಮೊದಲ ಮಾತು ಅದು. ಸ, ಕೋಮಲ ರಿ, ಶುದ್ಧ ಗ, ಶುದ್ಧ ಮ, ಪ, ಕೋಮಲ ಧ, ಕೋಮಲ ನಿ. ಹಾರ್ಮೋನಿಯಂ ಮೇಲೆ ಒತ್ತಿ ನೋಡಿ, ನಮ್ಮ ಬಸಂತ್ ಮುಖಾರಿ. ಕರ್ನಾಟಕ ಪದ್ಧತಿಯವರಿಗೆ 14ನೇ ಮೇಳ ವಕುಳಾಭರಣ. ಇನ್ನೊಂದು ಶ್ರೇಣಿ ಇದೆ, ಮಿ ಶೆಬೆರಖ್ ಅಂತ. ಅದು 58ನೇ ಮೇಳ ಹೇಮವತಿಯ ಸ್ವರಗಳು. ಹಾಗಾಗಿಯೇ ನಿಮಗೆ ಅಷ್ಟು ಬೇಗ ಒಳಗೆ ಇಳಿದಿದ್ದು ಇರಬಹುದು.

ಆದರೆ ಒಂದು ಎಚ್ಚರ, ಅಣ್ಣಾ. ಸ್ವರ ಒಂದೇ ಅಂದ ಮಾತ್ರಕ್ಕೆ ರಾಗ ಒಂದೇ ಆಗಲ್ಲ. ನಾನು ಒಂದು ಡೋಯ್ನಾ ಹಾಡಿಕೊಂಡು ನೋಡಿದೆ. ಡೋಯ್ನಾ ಅಂದರೆ ತಾಳ ಇಲ್ಲದ ನಿಧಾನದ ನುಡಿಕೆ, ರುಮೇನಿಯಾ ಕಡೆಯಿಂದ ಬಂದಿದ್ದು, ನಮ್ಮ ಆಲಾಪದ ಹಾಗೆ. ಎರಡನೇ ಸಾಲಿಗೆ ನನ್ನ ಕೋಮಲ ರಿಷಭ ಭೈರವದ ಹಾಗೆ ತೂಗೋಕೆ ಶುರುವಾಯ್ತು. ಅವರ ನುಡಿಕೆಯಲ್ಲಿ ಆ ಆಂದೋಲನ ಇಲ್ಲ. ರಿಷಭ ನೆಟ್ಟಗೆ ನಿಲ್ಲುತ್ತೆ, ಬೇಕಾದ ಕಡೆ ಬಿಕ್ಕುತ್ತೆ, ಮುಂದೆ ಹೋಗುತ್ತೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು), ಗಮಕ ಹಾಕಿದರೆ ಎಲ್ಮನ್ ಅವರ ಮದುವೆ ಮನೆ ಬಿಟ್ಟು ನಮ್ಮ ಪಾಠದ ಕೋಣೆಗೆ ಬಂದುಬಿಡ್ತೀವಿ. ಹುಡುಗರಿಗೆ ರಾಗದ ಹೆಸರು ಮೊದಲೇ ಹೇಳಬೇಡಿ. ಹೇಳಿದರೆ ಕಿವಿ ಮುಚ್ಚಿಕೊಳ್ಳುತ್ತೆ. ರೆಕಾರ್ಡು ನೂರು ಸಲ ಕೇಳಿಸಿ.

ಬ್ಯಾಂಡ್ ಹವಾಲ್ದಾರ್, ಹರಿಹರ:

ತಮ್ಮಾ, ಪೊಲೀಸ್ ಬ್ಯಾಂಡ್‌ನಲ್ಲಿ ಕಾರ್ನೆಟ್, ಟ್ರಂಪೆಟ್ ಊದಿ ನಿವೃತ್ತಿ ಆದವನು ನಾನು. ನಿನ್ನ ತಾತನ ಕ್ಲಾರ್ನೆಟ್ ಹೊಳೆ ದಂಡೆ ಮೇಲೆ ಕೇಳಿದ್ದೀನಿ. ಆ ಎದುರುಗೊಳ್ಳೋ ಮಟ್ಟು ಅವರದು ಅನ್ನೋದಕ್ಕೆ ನಾನೇ ಸಾಕ್ಷಿ.

ನೀನು ಬಿಕ್ಕು ಅಂದಿದ್ದೀಯಲ್ಲ, ಅವರ ಭಾಷೆಯಲ್ಲಿ ಅದಕ್ಕೆ ಕ್ರೆಖ್ಟ್ಸ್ ಅಂತಾರೆ, ನರಳಿಕೆ ಅಂತ ಅರ್ಥ. ಮಾಡೋ ರೀತಿ ಹೇಳ್ತೀನಿ. ಸ್ವರ ಹಿಡಿ. ಬಿಡೋ ಗಳಿಗೆಗೆ ಮೇಲಿನ ಸ್ವರವನ್ನ ಬರೀ ಮುಟ್ಟು, ಊದಬೇಡ. ಮುಟ್ಟಿದ ಕೂಡಲೇ ಗಂಟಲಲ್ಲಿ ಉಸಿರು ತಡಿ, ನಾಲಿಗೆಯಿಂದ ಅಲ್ಲ. ನಾಲಿಗೆ ಹಾಕಿದರೆ ಪರೇಡ್ ಆಗುತ್ತೆ. ಬಟನ್ ಪೂರ್ತಿ ಒತ್ತದೆ ಅರ್ಧಕ್ಕೆ ನಿಲ್ಲಿಸಿದರೆ ಸ್ವರ ಉಸಿರುಗಟ್ಟಿದ ಹಾಗೆ ಕೇಳುತ್ತೆ, ಅದೂ ಒಂದು ದಾರಿ. ಮೊದಲು ವಾದ್ಯ ಕೆಳಗಿಟ್ಟು ಬಾಯಲ್ಲಿ ಹಾಡಿಸು. ಹಾಡೋಕೆ ಬರದ ಬಿಕ್ಕು ಪೈಪಿನಲ್ಲೂ ಬರಲ್ಲ.

ಅದರ ಬೇರು ಪ್ರಾರ್ಥನೆ ಹಾಡುಗಾರಿಕೆಯಲ್ಲಿದೆ. ಯೊಸೆಲೆ ರೋಸೆನ್‌ಬ್ಲಾಟ್ ಅಂತ ದೊಡ್ಡ ಗಾಯಕರಿದ್ದರು, 1933ರಲ್ಲಿ ಹೋದರು. ಅವರ ಹಳೇ ರೆಕಾರ್ಡುಗಳು ಸಿಗ್ತವೆ. ಸ್ವರ ಒಡೆದು ಅಳುವಿನ ಹಾಗೆ ಆಗಿ ಮತ್ತೆ ಕೂಡಿಕೊಳ್ಳುತ್ತೆ. ಟ್ರಂಪೆಟ್ ಹುಡುಗರು ಒಂದು ವಾರ ಅದನ್ನೇ ಕೇಳಲಿ.

ಇನ್ನು ನಿನ್ನ ಡ್ರಮ್ ಹುಡುಗನಿಗೆ ಹೇಳು: ಬುಲ್ಗರ್ ಅಂದರೆ ಎಂಟು ಮಾತ್ರೆ, ಆದರೆ ನಾಲ್ಕು ನಾಲ್ಕು ಅಲ್ಲ. ಮೂರು, ಮೂರು, ಎರಡು. ತಕಿಟ ತಕಿಟ ತಕ. ಬೇಸ್ ಡ್ರಮ್ಮಿನವನು ತಪ್ಪಿ ಸಿನಿಮಾ ಬೀಟ್‌ಗೆ ಇಳಿದರೆ ಮೇಲೆ ನೀನು ಎಷ್ಟು ಬಿಕ್ಕಿದರೂ ವ್ಯರ್ಥ.

ಹಳೇಪೇಟೆ ಟ್ರಂಪೆಟ್, ದಾವಣಗೆರೆ:

ಹವಾಲ್ದಾರ್ ಸಾಹೇಬರೇ, ತಾತನ ಬಗ್ಗೆ ಬರೆದ ಸಾಲನ್ನ ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ನಿನ್ನೆ ಸಂಜೆ ಮಾಳಿಗೆ ಮೇಲೆ ಪ್ರಯೋಗ ಮಾಡಿದ್ವಿ. ಟ್ರಂಪೆಟ್‌ಗಳನ್ನ ಚಾಪೆ ಮೇಲೆ ಮಲಗಿಸಿಟ್ಟು ಆರು ಹುಡುಗರೂ ಬಾಯಲ್ಲಿ ಹಾಡಿದರು. ಐವರಿಗೆ ಬಿಕ್ಕಳಿಕೆ ಬಂದ ಹಾಗೆ ಆಯ್ತೇ ಹೊರತು ಅಳು ಬರಲಿಲ್ಲ. ಮಂಡಕ್ಕಿ ಭಟ್ಟಿ ಕಡೆಯಿಂದ ಬರೋ ಒಬ್ಬ ಹುಡುಗ ಇದ್ದಾನೆ, ಹದಿನಾಲ್ಕು ವರ್ಷ, ಮಾತು ಕಮ್ಮಿ. ಅವನು ಗಂಟಲನ್ನ ಎರಡು ಬೆರಳಿಂದ ಮುಟ್ಟಿಕೊಂಡು ಉಸಿರು ಎಲ್ಲಿ ನಿಲ್ಲುತ್ತೆ ಅಂತ ನೋಡ್ತಿದ್ದ. ಆಮೇಲೆ ಟ್ರಂಪೆಟ್ ಎತ್ತಿಕೊಂಡ. ನಾಲ್ಕನೇ ಸಲಕ್ಕೆ ಬಂತು. ಒಂದೇ ಸ್ವರ, ತುದಿ ಮುರಿದು ನಿಂತ ಹಾಗೆ. ಬಟ್ಟೆ ಒಣಗಿಸ್ತಿದ್ದ ಪಕ್ಕದ ಮನೆ ಅಜ್ಜಿ ತಿರುಗಿ ನೋಡಿದರು. ಆ ಹುಡುಗನ ಕೆನ್ನೆ ಕೆಂಪಾಗಿತ್ತು.

ತಂಬೂರಿ ಅಕ್ಕ, ನೀವು ಹೇಳಿದ ಹಾಗೆ ರಾಗದ ಹೆಸರು ಎತ್ತಲಿಲ್ಲ. ಡ್ರಮ್ಮಿಗೆ ತಕಿಟ ತಕಿಟ ತಕ ಒಂದೇ ದಿನಕ್ಕೆ ಕೂತಿತು.

ಗೊಲ್ಲರಹಟ್ಟಿ, ಚಳ್ಳಕೆರೆ:

ಅಣ್ಣ, ಬೇಜಾರು ಮಾಡ್ಕೋಬೇಡಿ, ಮನಸ್ಸಲ್ಲಿರೋದು ಹೇಳ್ತೀನಿ. ನಮ್ಮಜ್ಜ ಗಣೆ ನುಡಿಸೋರು. ಜುಂಜಪ್ಪನ ಕಥೆಗೆ ಆ ಉದ್ದನೆ ಬಿದಿರು ಕೊಳಲು ಊದ್ತಿದ್ದರೆ ಹಟ್ಟಿಯೆಲ್ಲ ರಾತ್ರಿ ಪೂರ್ತಿ ಕೂತಿರ್ತಿತ್ತು. ಈಗ ನಮ್ಮ ಹಟ್ಟೀಲಿ ಗಣೆ ಹಿಡಿಯೋರು ಒಬ್ಬರೇ, ಅವರಿಗೂ ವಯಸ್ಸಾಯ್ತು. ಅಮೆರಿಕದವರ ಸಂಗೀತಕ್ಕೆ ದುಡ್ಡಿದೆ, ಜನ ಇದ್ದಾರೆ, ಅವರು ಉಳಿಸಿಕೊಳ್ತಾರೆ. ನಿಮ್ಮಂಥ ಕೈ ಇರೋರು ಆ ಸಮಯ ನಮ್ಮ ಕಡೆ ವಾದ್ಯಗಳಿಗೆ ಕೊಟ್ಟರೆ ಏನು?

ಹಳೇ ಕಪಾಟು, ಚಿತ್ರದುರ್ಗ:

ಚಳ್ಳಕೆರೆ ತಮ್ಮಾ, ನಿನ್ನ ಮಾತು ಕೇಳಿ ಒಂದು ನಡೆದ ಸಂಗತಿ ನೆನಪಾಯ್ತು. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು, ಹಳೇ ಧ್ವನಿಮುದ್ರಣದ ಹುಚ್ಚಿದೆ.

ಹೆನ್ರಿ ಸಪೋಜ್ನಿಕ್ ಅಂತ ನ್ಯೂಯಾರ್ಕಿನ ಯಹೂದಿ ಹುಡುಗ. ಅಪ್ಪ ಪ್ರಾರ್ಥನೆ ಹಾಡೋರು. ಮಗನಿಗೆ ಅಮೆರಿಕದ ಬೆಟ್ಟಸೀಮೆಯ ಬ್ಯಾಂಜೊ (ಒಂದು ತಂತಿವಾದ್ಯ) ಸಂಗೀತದ ಮೋಹ. ಎಪ್ಪತ್ತರ ದಶಕದಲ್ಲಿ ನಾರ್ತ್ ಕೆರೊಲಿನಾಕ್ಕೆ ಹೋಗಿ ಟಾಮಿ ಜಾರೆಲ್ ಅನ್ನೋ ಹಿರಿಯ ಪಿಟೀಲುಗಾರರ ಹತ್ತಿರ ಕಲೀತಿದ್ದರು. ಒಂದು ದಿನ ಆ ಹಿರಿಯರು, ನಿಮ್ಮ ಜನಕ್ಕೆ ಅಂತ ಸ್ವಂತ ಸಂಗೀತ ಇಲ್ವೇನಪ್ಪಾ ಅಂತ ಕೇಳಿದರಂತೆ. ಆ ಪ್ರಶ್ನೆ ಇಟ್ಟುಕೊಂಡು ಸಪೋಜ್ನಿಕ್ ಮನೆ ಕಡೆ ತಿರುಗಿದರು. 1982ರಲ್ಲಿ ನ್ಯೂಯಾರ್ಕಿನ ಯಿವೊ ಅನ್ನೋ ಯಹೂದಿ ಅಧ್ಯಯನ ಸಂಸ್ಥೆಯಲ್ಲಿ ಧ್ವನಿ ಭಂಡಾರ ಕಟ್ಟಿದರು, 1985ರಲ್ಲಿ ಕ್ಲೆಜ್‌ಕ್ಯಾಂಪ್ ಅಂತ ಕಲಿಕೆಯ ಶಿಬಿರ ಶುರು ಮಾಡಿದರು. ಅದು ಮೂವತ್ತು ವರ್ಷ ನಡೀತು. ಪರರ ಸಂಗೀತದ ಮನೆಗೆ ಹೋಗಿದ್ದರಿಂದಲೇ ತಮ್ಮದರ ಬಾಗಿಲು ಕಂಡಿತು. ಟ್ರಂಪೆಟ್ ಅಣ್ಣನವರಿಗೆ ಎಲ್ಮನ್ ಕೇಳಿದ ಮೇಲೆ ತಾನೆ ತಾತನ ಮಟ್ಟಿನ ಸಂಕಟ ಎದ್ದಿದ್ದು?

ಅಮೆರಿಕದವರು ಉಳಿಸಿಕೊಳ್ತಾರೆ ಅನ್ನೋದು ಅಷ್ಟು ಸುಲಭ ಅಲ್ಲಪ್ಪ. ಆ ಸಂಗೀತದ ತವರು ಪೂರ್ವ ಯುರೋಪ್. ನಾಜಿಗಳು ಅರವತ್ತು ಲಕ್ಷ ಯಹೂದಿಗಳನ್ನ ಕೊಂದರು. ಮಟ್ಟುಗಳ ಜೊತೆ ನುಡಿಸೋ ಮನೆತನಗಳೂ ಹೋದವು, ಕುಣಿಯೋ ಊರುಗಳೂ ಹೋದವು. ಮೊಯಿಸೆಯ್ ಬೆರೆಗೋವ್ಸ್ಕಿ ಅನ್ನೋ ವಿದ್ವಾಂಸರು ಉಕ್ರೇನಿನಲ್ಲಿ ಊರೂರು ಅಲೆದು ಮೇಣದ ಸಿಲಿಂಡರ್ ಮೇಲೆ ಆ ಹಾಡು, ಮಟ್ಟುಗಳನ್ನ ಹಿಡಿದಿಟ್ಟಿದ್ದರು. 1950ರಲ್ಲಿ ಸೋವಿಯತ್ ಸರ್ಕಾರ ಅವರನ್ನೇ ಸೆರೆಗೆ ಹಾಕಿತು. ಆ ಸಂಗ್ರಹ ನಾಶವಾಯ್ತು ಅಂತಲೇ ಬಹಳ ಕಾಲ ಜನ ನಂಬಿದ್ದರು. ತೊಂಬತ್ತರ ದಶಕದಲ್ಲಿ ಕೀವ್ ನಗರದ ವೆರ್ನಾದ್ಸ್ಕಿ ಗ್ರಂಥಾಲಯದಲ್ಲಿ ಇದೆ ಅಂತ ಜಗತ್ತಿಗೆ ಗೊತ್ತಾಯ್ತು. 2005ರಲ್ಲಿ ಯುನೆಸ್ಕೊ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಅದೇ ಗ್ರಂಥಾಲಯದ ಕೈಬರಹದ ಸ್ವರಲಿಪಿಗಳನ್ನ 2020ರಿಂದ ಬೇರೆ ಬೇರೆ ದೇಶದ ಸ್ವಯಂಸೇವಕರು ಕೂತು ಅಚ್ಚುಕಟ್ಟಾಗಿ ಬರೆದು ಎಲ್ಲರಿಗೂ ಸಿಗೋ ಹಾಗೆ ಮಾಡ್ತಿದ್ದಾರೆ. ಕೆಲಸಕ್ಕೆ ಸೇರೋಕೆ ಯಹೂದಿಯೇ ಆಗಿರಬೇಕಿಲ್ಲ.

ಮುಟ್ಟಬಹುದಾ ಅಂತ ಕೇಳಿದ್ದಿರಿ, ಅಣ್ಣ. ಡಾನ್ ಬೈರನ್ ಕಪ್ಪು ಜನಾಂಗದ ಕ್ಲಾರ್ನೆಟ್ ವಾದಕ. ಬಾಸ್ಟನ್ನಿನಲ್ಲಿ ಹ್ಯಾಂಕಸ್ ನೆಟ್ಸ್ಕಿ 1980ರಲ್ಲಿ ಕಟ್ಟಿದ ಕ್ಲೆಜ್ಮರ್ ತಂಡದಲ್ಲಿ ಪಳಗಿದವರು. 1993ರಲ್ಲಿ ಒಂದು ಇಡೀ ಆಲ್ಬಮ್ಮನ್ನ ಮಿಕ್ಕಿ ಕಾಟ್ಸ್ ಅವರ ಸಂಗೀತಕ್ಕೇ ಮೀಸಲಿಟ್ಟರು. ಕಾಟ್ಸ್ 1985ರಲ್ಲಿ ತೀರಿಕೊಂಡಿದ್ದ ಯಹೂದಿ ಕ್ಲಾರ್ನೆಟ್ ವಾದಕರು. ಜನಪ್ರಿಯ ಹಾಡುಗಳಿಗೆ ಯಿಡ್ಡಿಷ್ ಬೆರೆಸಿ ನಗಿಸೋರು, ನಡುವೆ ಅಪ್ಪಟ ಮದುವೆ ಮಟ್ಟು ನುಗ್ಗಿಸೋರು. ನಗೆಹಾಡು ಅಂತ ಜನ ಬದಿಗೆ ತಳ್ಳಿದ್ದ ಆ ನುಡಿಕೆಯನ್ನ ಬೈರನ್ ಒಂದೊಂದು ಸ್ವರ ಬಿಡಿಸಿ ಕಲಿತು ವೇದಿಕೆಗೆ ತಂದರು. ಆಲ್ಬಮ್ಮಿನ ಹೆಸರಿನಲ್ಲೇ ಕಾಟ್ಸ್ ಹೆಸರು ಇಟ್ಟರು. ನೀವು ಕೇಳಿದ ಪದ್ಧತಿ ಅದೇ ಅಂತ ನನಗೆ ಅನ್ನಿಸುತ್ತೆ. ಹೆಸರು ಮುಂದೆ, ಮಟ್ಟು ಹಿಂದೆ. ಇನ್ನೊಂದು ವಿಷಯ: ಎಲ್ಮನ್‌ಗೆ ಬದಲಾಗಿ ಸಿನಿಮಾದಲ್ಲಿ ಊದಿದ ಮ್ಯಾನಿ ಕ್ಲೈನ್ ಇದ್ದಾರಲ್ಲ, ಕಾಟ್ಸ್ ರೆಕಾರ್ಡುಗಳಲ್ಲೂ ಅವರದೇ ಟ್ರಂಪೆಟ್. ಹುಡುಕಿ ಕೇಳಿ, ಹುಡುಗರಿಗೆ ಅದೇ ಪಾಠ.

ಹಳೇಪೇಟೆ ಟ್ರಂಪೆಟ್, ದಾವಣಗೆರೆ:

ಕಪಾಟು ಅಕ್ಕ, ನೀವು ಬರೆದಿದ್ದನ್ನ ಮನೆಯಲ್ಲಿ ಎಲ್ಲರಿಗೂ ಓದಿದೆ. ಚಳ್ಳಕೆರೆ ತಮ್ಮಾ, ನಿನ್ನ ಮಾತಿಗೆ ಬೇಜಾರಿಲ್ಲ. ನಿಮ್ಮ ಹಟ್ಟಿಯ ಗಣೆ ಹಿರಿಯರು ಒಪ್ಪಿದರೆ ಶೂನ್ಯಮಾಸದಲ್ಲಿ ನಾನೇ ಬರ್ತೀನಿ, ನಮಗೂ ಆಗ ಕೆಲಸ ಇರಲ್ಲ. ನನ್ನ ತಮ್ಮನ ಹತ್ತಿರ ಒಳ್ಳೆ ಮೈಕ್ ಇದೆ. ಮೊದಲು ನುಡಿಸೋರ ಹೆಸರು, ಅವರಿಗೆ ಕಲಿಸಿದವರ ಹೆಸರು, ಆಮೇಲೆ ನುಡಿಕೆ, ಹೀಗೆ ಹಿಡಿಯೋಣ.

ಮದುವೆಗೆ ಈ ರೀತಿ ಗೊತ್ತುಮಾಡಿದ್ದೀನಿ. ಧಾರೆ ಮುಗಿದು ಊಟಕ್ಕೆ ಏಳೋ ಮುಂಚೆ ಹತ್ತು ನಿಮಿಷ. ತಂಗಿ ಮಗಳೇ ಮೈಕ್‌ನಲ್ಲಿ ಹೇಳ್ತೀನಿ ಅಂದಿದ್ದಾಳೆ: ಇದು ಯಹೂದಿ ಮದುವೆಗಳ ಕುಣಿತದ ಮಟ್ಟು, ಹೆಸರು ಶ್ಟಿಲರ್ ಬುಲ್ಗರ್, ಇದನ್ನ ಜಗತ್ತಿಗೆ ಕೇಳಿಸಿದವರು ಹ್ಯಾರಿ ಆರನ್ ಫಿಂಕಲ್‌ಮನ್, ಜನ ಕರೆದಿದ್ದು ಜಿಗ್ಗಿ ಎಲ್ಮನ್ ಅಂತ. ಅದಾದ ಮೇಲೆ ತಾತನ ಹೆಸರು ಹೇಳಿ ತಾತನ ಮಟ್ಟು. ಬೀಗರ ಕಡೆಯವರು ಮೊದಲು ಯಾಕೆ ಇದೆಲ್ಲ ಅಂದರು. ಫೋನಿನಲ್ಲಿ ಎಲ್ಮನ್ ಕೇಳಿಸಿದೆ, ಒಪ್ಪಿದರು.

ಒಂದು ಮಾತು ಹೇಳಲೇಬೇಕು. ಅಪ್ಪನಿಗೆ 79. ಮುಂದಿನ ಹಲ್ಲು ಬಿದ್ದ ಮೇಲೆ ಟ್ರಂಪೆಟ್ ತುಟಿಗೆ ಇಟ್ಟಿಲ್ಲ, ಮುಟ್ಟೋಕೂ ಒಲ್ಲೆ ಅಂತಿದ್ದರು. ಭಾನುವಾರ ಅವರನ್ನ ಕುರ್ಚಿ ಸಮೇತ ಮಾಳಿಗೆಗೆ ಎತ್ತಿಕೊಂಡು ಹೋದ್ವಿ, ತಾತನ ಮಟ್ಟನ್ನ ಬರೆದಿಟ್ಟುಕೊಳ್ಳೋಕೆ. ನಾನು ಊದಿದೆ. ಎರಡನೇ ಸಾಲಿಗೆ ಕೈ ಎತ್ತಿ ನಿಲ್ಲಿಸಿದರು. ನಲವತ್ತು ವರ್ಷದಿಂದ ಊದಿಕೊಂಡು ಬಂದ ಸಾಲು ಅದು. ಬಾಯಲ್ಲೇ ಹಾಡಿ ತೋರಿಸಿದರು, ಪಂಚಮಕ್ಕೆ ಹೋಗೋ ಮುಂಚೆ ಒಂದು ಚಿಕ್ಕ ತಿರುವು ಇದೆ, ನಾನು ಅದನ್ನ ಬಿಟ್ಟೇಬಿಟ್ಟಿದ್ದೆ. ಬೇರೆ ಬ್ಯಾಂಡಿನವರೂ ಬಿಟ್ಟಿದ್ದಾರೆ. ಮಂಡಕ್ಕಿ ಭಟ್ಟಿ ಹುಡುಗ ಅಪ್ಪನ ಕುರ್ಚಿ ಪಕ್ಕದಲ್ಲಿ ನೆಲಕ್ಕೆ ಕೂತು ಅದನ್ನ ಹಿಡಿದ. ಅಪ್ಪ ಹಾಡೋದು, ಅವನು ಊದೋದು, ಕತ್ತಲಾಗೋ ತನಕ. ನೋಟ್‌ಬುಕ್ಕಿನಲ್ಲಿ ಆ ತಿರುವಿನ ಕೆಳಗೆ ತಾತನ ಹೆಸರು, ಅಪ್ಪನ ಹೆಸರು, ಆ ಹುಡುಗನ ಹೆಸರು ಮೂರೂ ಬರೆದಿದ್ದೀನಿ.

ಹವಾಲ್ದಾರ್ ಸಾಹೇಬರೇ, ಪ್ರತಿ ಭಾನುವಾರ ನಾಲ್ಕು ಗಂಟೆಗೆ ರಿಹರ್ಸಲ್. ಹರಿಹರದಿಂದ ಬಸ್ಸಿಗೆ ಬಂದರೆ ಹೊಂಡದ ಸರ್ಕಲ್ ಹತ್ತಿರ ಹುಡುಗರನ್ನ ಕಳಿಸ್ತೀನಿ. ಅಪ್ಪ ನಿಮ್ಮನ್ನ ನೋಡಬೇಕು ಅಂತಿದ್ದಾರೆ.